ಮನವಿ ಯಾರ ಬಾಗಿಲಿಗೆ?

ಮಾನ್ಯ ಸಂಪಾದಕರೇ,

ಗಾಜಾ ಇರಲಿ, ಉಕ್ರೇನ್ ಇರಲಿ, ಹೊರಗಿನಿಂದ ಕೆಟ್ಟ ಸುದ್ದಿ ಬಂದಾಗ ನಮ್ಮ ಉತ್ತರ ಕನ್ನಡ ಜಿಲ್ಲೆಯ ಊರುಗಳಲ್ಲೂ ಒಂದಷ್ಟು ಜನ ಸೇರುತ್ತಾರೆ. ಮೇಣದಬತ್ತಿ ಹಚ್ಚುತ್ತಾರೆ, ನಾಲ್ಕು ಮಾತಾಡುತ್ತಾರೆ, ಜಿಲ್ಲಾಧಿಕಾರಿ ಮೂಲಕ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಮನವಿ ಕೊಟ್ಟು, ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಸೇರುವವರ ಮನಸ್ಸಿನ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಆ ಮನವಿಯ ಮೇಲೆ ಬರೆದ ವಿಳಾಸದ ಬಗ್ಗೆ.

ಡಿಸಿ ಕಚೇರಿಯ ಟಪಾಲು ವಿಭಾಗದಲ್ಲಿ ಮನವಿಗೆ ಮೊಹರು ಬೀಳುತ್ತದೆ, ಆವಕ ಸಂಖ್ಯೆ ಸಿಗುತ್ತದೆ. ಮುಂದೆ? ಜಿಲ್ಲಾಧಿಕಾರಿ ನ್ಯೂಯಾರ್ಕಿಗೆ ಪತ್ರ ಬರೆಯುವ ಅಧಿಕಾರಿಯಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿದೇಶಾಂಗ ವ್ಯವಹಾರ ಕೇಂದ್ರ ಪಟ್ಟಿಯ 10ನೇ ನಮೂದು, ವಿಶ್ವಸಂಸ್ಥೆ 12ನೇ ನಮೂದು. ರಾಜ್ಯ ಸರ್ಕಾರಕ್ಕೇ ಅಲ್ಲಿ ಪಾತ್ರವಿಲ್ಲ, ಜಿಲ್ಲಾಡಳಿತದ ಮಾತು ದೂರವೇ ಉಳಿಯಿತು. ಹೀಗಾಗಿ ಕಾಗದ ಕಡತ ಸೇರುತ್ತದೆ. ಅದಕ್ಕೆ ಗುಮಾಸ್ತರನ್ನು ದೂರಿ ಪ್ರಯೋಜನವಿಲ್ಲ, ನಾವೇ ತಪ್ಪು ಬಾಗಿಲು ತಟ್ಟಿದ್ದೇವೆ.

ಸರಿಯಾದ ಬಾಗಿಲು ಹುಡುಕುವುದು ಈ ಜಿಲ್ಲೆಗೆ ಹೊಸತೇನಲ್ಲ. 1932ರ ಕರನಿರಾಕರಣೆಯಲ್ಲಿ ಬ್ರಿಟಿಷ್ ಸರ್ಕಾರ ರೈತರ ಆಸ್ತಿ ಜಪ್ತಿ ಮಾಡಿ ಹರಾಜು ಹಾಕಿದಾಗ ಸಿದ್ದಾಪುರ ಸೀಮೆಯ ಹೆಣ್ಣುಮಕ್ಕಳು ಲಂಡನ್ನಿಗೆ ಅರ್ಜಿ ಬರೆಯಲಿಲ್ಲ. ಹರಾಜಿನಲ್ಲಿ ಆಸ್ತಿ ಕೊಂಡವರ ಮನೆಯೆದುರು ಉಪವಾಸ ಕೂತರು. ಮಾವಿನಗುಂಡಿಯ ಆ ಸತ್ಯಾಗ್ರಹದ ಸ್ಮಾರಕ ಜೋಗದ ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಯಾರು ತಮ್ಮ ಮಾತಿಗೆ ಉತ್ತರ ಕೊಡಲೇಬೇಕೋ, ಯಾರ ಕೈಯಲ್ಲಿ ಏನಾದರೂ ಬದಲಿಸುವ ಶಕ್ತಿಯಿದೆಯೋ, ಅವರ ಜಗಲಿಗೇ ಹೋದರು.

ಯುದ್ಧದ ವಿಷಯದಲ್ಲಿ ನಮಗೆ ಹತ್ತಿರದ ಬಾಗಿಲು ಸಂಸದರದ್ದು. ಉತ್ತರ ಕನ್ನಡ ಕ್ಷೇತ್ರದಲ್ಲಿ ನಮ್ಮ ಆರು ವಿಧಾನಸಭಾ ಕ್ಷೇತ್ರಗಳ ಜೊತೆ ಖಾನಾಪುರ, ಕಿತ್ತೂರೂ ಸೇರಿವೆ. ಸಹಿ ಸಂಗ್ರಹಿಸುವವರು ಘಟ್ಟದಾಚೆಯ ಆ ಎರಡನ್ನೂ ಮರೆಯಬಾರದು. ಸಂಸದರಿಗೆ ‘ಯುದ್ಧ ನಿಲ್ಲಿಸಿ’ ಎಂದು ಬರೆದರೆ ಅವರು ತಾನೇ ಏನು ಮಾಡಿಯಾರು? ಬದಲಿಗೆ ಲೋಕಸಭೆಯಲ್ಲಿ ಕೇಳಬಹುದಾದ ಪ್ರಶ್ನೆಯನ್ನೇ ಸಿದ್ಧಪಡಿಸಿ ಕೊಡಿ. ಅದಕ್ಕೆ ಕಟ್ಟುಪಾಡುಗಳಿವೆ. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ಕನಿಷ್ಠ 15 ಪೂರ್ಣ ದಿನಗಳ ಮುಂಚೆ ಸೂಚನೆ ಹೋಗಬೇಕು. ಅಭಿಪ್ರಾಯ ಕೇಳುವಂತಿಲ್ಲ, ಮಾಹಿತಿ ಕೇಳಬೇಕು. ಹೆಚ್ಚಿನ ಕರಡುಗಳು ಮುಗ್ಗರಿಸುವುದು ಇನ್ನೊಂದು ನಿಯಮದಲ್ಲಿ: ಸ್ನೇಹಪರ ವಿದೇಶವೊಂದರ ಬಗ್ಗೆ ಅಗೌರವದ ಮಾತು ಇರಕೂಡದು. ‘ನರಹಂತಕ ಸರ್ಕಾರ’ ಎಂದು ಬರೆದ ಪ್ರಶ್ನೆ ಸದನದ ಮುಖ ನೋಡುವುದಿಲ್ಲ. ಸಿಟ್ಟು ಭಾಷಣಕ್ಕಿರಲಿ, ಪ್ರಶ್ನೆ ಒಣಗಿದ್ದಷ್ಟೂ ಒಳ್ಳೆಯದು.

ಉದಾಹರಣೆಗೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಗಾಜಾ ಕುರಿತ ನಿರ್ಣಯಗಳನ್ನೇ ತೆಗೆದುಕೊಳ್ಳಿ. 2023ರ ಅಕ್ಟೋಬರ್ 27ರಂದು ಭಾರತ ಮತದಾನದಿಂದ ದೂರ ಉಳಿಯಿತು. ಅದೇ ವರ್ಷ ಡಿಸೆಂಬರ್ 12ರಂದು ಕದನವಿರಾಮದ ಪರ ಮತ ಹಾಕಿತು, ಆ ನಿರ್ಣಯಕ್ಕೆ 153 ದೇಶಗಳ ಬೆಂಬಲ ಸಿಕ್ಕಿತ್ತು. 2025ರ ಜೂನ್ 12ರಂದು 149 ದೇಶಗಳು ಒಪ್ಪಿದ ನಿರ್ಣಯಕ್ಕೆ ಭಾರತ ಮತ್ತೆ ದೂರ. ಈ ಮೂರು ದಿನಾಂಕಗಳನ್ನು ಬರೆದು, ‘ಪ್ರತಿ ಸಲ ಸರ್ಕಾರ ಕೊಟ್ಟ ಮತ ವಿವರಣೆ ಏನು, ನಡುವೆ ನಿಲುವು ಬದಲಾಗಿದ್ದರೆ ಅದರ ವಿವರಗಳೇನು’ ಎಂದು ಕೇಳಿದರೆ ಸಚಿವಾಲಯ ಲಿಖಿತ ಉತ್ತರ ಕೊಡಬೇಕಾಗುತ್ತದೆ. ಆ ಉತ್ತರ ಸದನದ ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ಪ್ರಶ್ನೆಗೆ ಅದೇ ಮೆಟ್ಟಿಲು. ಪರಿಹಾರ ನೆರವಿನ ಮೊತ್ತ ಎಷ್ಟು, ಗಾಯಾಳುಗಳಿಗೆ ವೈದ್ಯಕೀಯ ವೀಸಾ ಎಷ್ಟು, ಯುದ್ಧನಿರತ ದೇಶಗಳಿಗೆ ಶಸ್ತ್ರಾಸ್ತ್ರ ಅಥವಾ ಬಿಡಿಭಾಗ ರಫ್ತಿಗೆ ಪರವಾನಗಿ ಕೊಟ್ಟಿದೆಯೇ ಎಂದೂ ಕೇಳಬಹುದು.

ಇನ್ನೂ ಹಳೆಯ ಬಾಕಿಗಳಿವೆ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ, ಆದರೆ ಸ್ಥಿರೀಕರಿಸಿಲ್ಲ, ಅಂದರೆ ಪಾಲಿಸಲು ವಿಧ್ಯುಕ್ತವಾಗಿ ಬದ್ಧವಾಗಿಲ್ಲ. ಬಲವಂತದ ಕಣ್ಮರೆ ಕುರಿತ ಒಪ್ಪಂದಕ್ಕೆ 2007ರಲ್ಲಿ ಸಹಿ ಬಿತ್ತು, ಅದರದ್ದೂ ಅದೇ ಕಥೆ. 1951ರ ನಿರಾಶ್ರಿತರ ಒಪ್ಪಂದಕ್ಕೆ, 1997ರ ನೆಲಬಾಂಬ್ ನಿಷೇಧ ಒಪ್ಪಂದಕ್ಕೆ, 2008ರ ಕ್ಲಸ್ಟರ್ ಬಾಂಬ್ ಒಪ್ಪಂದಕ್ಕೆ ನಮ್ಮ ಸಹಿಯೇ ಇಲ್ಲ. ಬೇರೆ ದೇಶದ ಜೈಲಿನಲ್ಲಿ ನಡೆದ ಹಿಂಸೆಯ ವಿರುದ್ಧ ಕಾರವಾರದಲ್ಲಿ ಫಲಕ ಹಿಡಿಯುವವರು ಕೈಯಲ್ಲಿ ಈ ಪಟ್ಟಿಯನ್ನೂ ಹಿಡಿದರೆ ಮಾತಿಗೆ ತೂಕ ಬರುತ್ತದೆ, ‘ನಿಮ್ಮೂರಿನದು ನೋಡಿಕೊಳ್ಳಿ’ ಎನ್ನುವವರ ಬಾಯಿಯೂ ಕಟ್ಟುತ್ತದೆ.

ಲೋಕಸಭೆಗೇ ಅರ್ಜಿ ಸಲ್ಲಿಸುವ ದಾರಿಯೂ ಇದೆ. ಅದಕ್ಕೆಂದೇ ಅರ್ಜಿಗಳ ಸಮಿತಿಯಿದೆ. ಕನ್ನಡದಲ್ಲಿ ಬರೆಯಬಹುದು, ಆದರೆ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಜೊತೆಗಿರಬೇಕು ಮತ್ತು ಅನುವಾದದ ಮೇಲೂ ಅರ್ಜಿದಾರರ ಸಹಿ ಬೇಕು. ಸದನವನ್ನು ಸಂಬೋಧಿಸಿ ಆರಂಭಿಸಿ, ಏನು ಆಗಬೇಕೆಂಬ ಸ್ಪಷ್ಟ ಕೋರಿಕೆಯಿಂದ ಮುಗಿಸಬೇಕು. ಪತ್ರಿಕಾ ತುಣುಕು, ಫೋಟೋ ಯಾವುದನ್ನೂ ಲಗತ್ತಿಸುವಂತಿಲ್ಲ. ಸಹಿ ಹಾಕಿದ ಪ್ರತಿಯೊಬ್ಬರ ಪೂರ್ಣ ಹೆಸರು, ವಿಳಾಸ ಇರಬೇಕು. ಐನೂರು ಸಹಿಯಲ್ಲಿ ಮುನ್ನೂರು ಬರೀ ‘ಗಣಪತಿ, ಕುಮಟಾ’ ಎಂದಿದ್ದರೆ ಆ ಮುನ್ನೂರು ವ್ಯರ್ಥ. ನ್ಯಾಯಾಲಯದಲ್ಲಿರುವ ವಿಷಯ ನಡೆಯುವುದಿಲ್ಲ.

ಮಾಹಿತಿ ಹಕ್ಕು ಅರ್ಜಿ ಮೂರನೆಯದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ವಿದೇಶಾಂಗ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲಿ ಅಥವಾ ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಜೊತೆ ಕಳಿಸಬಹುದು. ‘ಯಾಕೆ ಹೀಗೆ ಮಾಡಿದಿರಿ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂದಿರುಗುತ್ತದೆ. ಹೊರದೇಶದ ಸಂಬಂಧಕ್ಕೆ ಧಕ್ಕೆ ಎಂಬ 8(1)(ಎ) ಕಲಮಿನ ಅಡ್ಡಿಯೂ ಇದೆ. ಹೀಗಾಗಿ ಮಾತುಕತೆಯ ವಿವರ ಬೇಡ, ಖರ್ಚು, ಸಂಖ್ಯೆ, ದಿನಾಂಕ ಕೇಳಿ. ಎಷ್ಟು ಟನ್ ಔಷಧ, ಯಾವ ದಿನ, ಯಾವ ಸಂಸ್ಥೆಯ ಮೂಲಕ ಎಂಬುದಕ್ಕೆ ಇಲ್ಲವೆನ್ನುವುದು ಕಷ್ಟ.

ಇನ್ನು ಸಭೆಯ ವಿಷಯ. ಸಭೆ ಬೇಡವೆಂದು ನಾವು ಹೇಳುತ್ತಿಲ್ಲ. ಹೆಸರಿಲ್ಲದೆ ಸತ್ತವರ ಹೆಸರನ್ನು ನಾಲ್ಕು ಜನರೆದುರು ಗಟ್ಟಿಯಾಗಿ ಓದುವುದಕ್ಕೂ ಅರ್ಥವಿದೆ. ಆದರೆ ಹಿರೋಷಿಮಾ ದಿನ ಬರುವುದು ಆಗಸ್ಟ್ 6ಕ್ಕೆ, ಅಂದರೆ ನಮ್ಮಲ್ಲಿ ಧೋ ಎಂದು ಮಳೆ ಸುರಿಯುವ ಹೊತ್ತಿಗೆ. ಕಾರವಾರದ ಟ್ಯಾಗೋರ್ ಕಡಲತೀರದ ಗಾಳಿಗೆ ಮೇಣದಬತ್ತಿ ಎರಡು ನಿಮಿಷ ನಿಲ್ಲುವುದಿಲ್ಲ. ಅರ್ಧ ತೆಂಗಿನ ಗರಟೆಯ ತಳಕ್ಕೆ ಹಸಿ ಮಣ್ಣು ಒತ್ತಿ, ಅದರಲ್ಲಿ ಪುಟ್ಟ ಹಣತೆ ಕೂರಿಸಿ, ದಪ್ಪ ಬತ್ತಿ ಇಡಿ. ಗರಟೆಯ ಅಂಚೇ ಗಾಳಿ ತಡೆಯುತ್ತದೆ, ಅರ್ಧ ಗಂಟೆಗೆ ಎರಡು ಚಮಚ ಎಣ್ಣೆ ಧಾರಾಳ ಸಾಕು. ಸಂಜೆಯೇ ಆಗಬೇಕೆಂದೂ ಇಲ್ಲ. ಹಿರೋಷಿಮಾದ ಮೇಲೆ ಬಾಂಬ್ ಬಿದ್ದದ್ದು ಬೆಳಗಿನ 8.15ಕ್ಕೆ, ಮೂರು ದಿನದ ನಂತರ ನಾಗಸಾಕಿಯಲ್ಲಿ 11.02ಕ್ಕೆ. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಒಂದು ನಿಮಿಷದ ಮೌನಕ್ಕೆ ದೀಪವೂ ಬೇಡ, ಪರವಾನಗಿಯೂ ಬೇಡ.

ಡಿಸೆಂಬರ್ 10ರ ಮಾನವ ಹಕ್ಕುಗಳ ದಿನಕ್ಕೆ ಮಳೆಯಿಲ್ಲ ಎಂದು ಕಡಲತೀರವನ್ನೇ ಆರಿಸುವವರು ಇನ್ನೊಂದು ಗಮನಿಸಬೇಕು. ಅದು ಕಡಲಾಮೆ ಮೊಟ್ಟೆಯಿಡಲು ದಡಕ್ಕೆ ಬರುವ ಕಾಲ. ಬೆಳಕು ಕಂಡರೆ ತಾಯಿ ಆಮೆ ಹಿಂದಿರುಗುತ್ತದೆ, ಮರಿಗಳು ದಿಕ್ಕು ತಪ್ಪುತ್ತವೆ. ಊರೊಳಗಿನ ಮೈದಾನ ಸಾಕು. ಶಿರಸಿಯವರಿಗೆ ಬಿಡಕಿ ಬೈಲು ಇದೆ. ಕಾಗದದ ಆಕಾಶಬುಟ್ಟಿ ಹಾರಿಬಿಡುವುದಂತೂ ಬೇಡವೇ ಬೇಡ, ಅದು ಯಾರ ಹುಲ್ಲಿನ ಬಣವೆಯ ಮೇಲೆ ಇಳಿಯುತ್ತದೋ ಹೇಳುವವರಿಲ್ಲ. ಕಾರವಾರದಲ್ಲಿ ಡ್ರೋನ್ ಕ್ಯಾಮೆರಾ ಇನ್ನೂ ದೊಡ್ಡ ಯಡವಟ್ಟು. ನೌಕಾನೆಲೆಯ ಆಸ್ತಿಗಳ ಸುತ್ತ 3 ಕಿ.ಮೀ. ಹಾರಾಟ ನಿಷೇಧ ವಲಯವಿದೆ. ಶಾಂತಿ ಸಭೆಯ ವಿಡಿಯೋ ಪೊಲೀಸ್ ಪ್ರಕರಣವಾಗಿ ಮುಗಿಯುವುದು ಬೇಡ.

ಪೊಲೀಸ್ ಠಾಣೆಗೆ ಅರ್ಜಿಯನ್ನು ಒಂದು ವಾರ ಮುಂಚೆಯಾದರೂ ಎರಡು ಪ್ರತಿಯಲ್ಲಿ ಕೊಡಿ, ಒಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ದಿನಾಂಕ, ಶುರು ಮತ್ತು ಮುಗಿಯುವ ಹೊತ್ತು, ಜಾಗದ ಗುರುತು, ಅಂದಾಜು ಜನಸಂಖ್ಯೆ, ಇಬ್ಬರು ಜವಾಬ್ದಾರರ ಹೆಸರು ಮತ್ತು ಫೋನ್, ಮೆರವಣಿಗೆ ಇಲ್ಲದಿದ್ದರೆ ‘ಮೆರವಣಿಗೆ ಇಲ್ಲ’ ಎಂಬ ಸಾಲು. ಬರೀ ‘ಪ್ರತಿಭಟನೆ’ ಎಂದು ಬರೆದರೆ ಯಾರ ವಿರುದ್ಧ ಎಂಬ ಪ್ರಶ್ನೆ ಹುಟ್ಟುತ್ತದೆ. ‘ಯುದ್ಧದಲ್ಲಿ ಮಡಿದ ನಾಗರಿಕರಿಗೆ ಶ್ರದ್ಧಾಂಜಲಿ’ ಎಂದರೆ ಇದ್ದದ್ದು ಇದ್ದ ಹಾಗೆ ಹೇಳಿದಂತೆ. ಧ್ವನಿವರ್ಧಕಕ್ಕೆ ಬೇರೆ ಪರವಾನಗಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ, ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯ. ಜಾಗ ನಗರಸಭೆಯದ್ದಾದರೆ ಅಲ್ಲಿಯ ಒಪ್ಪಿಗೆಯೂ ಸೇರಬೇಕು. ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿ, ಏಕೆಂದರೆ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ (ಜನ ಈಗಲೂ 144 ಎನ್ನುವುದು ಇದನ್ನೇ) ಆದೇಶ ಹೊರಟಿದ್ದರೆ ಕೈಯಲ್ಲಿರುವ ಅನುಮತಿ ಕೆಲಸಕ್ಕೆ ಬರುವುದಿಲ್ಲ.

ನೌಕಾನೆಲೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಕಾರವಾರದಲ್ಲಿ ಶಾಂತಿ ಎಂದರೆ ಸೈನಿಕರ ವಿರುದ್ಧ ಎಂದು ತಿಳಿಯುವವರಿದ್ದಾರೆ, ನೆಲೆಯಲ್ಲಿ ದುಡಿಯುವ ಮನೆಯವರು ದೂರ ನಿಲ್ಲುತ್ತಾರೆ. 1864ರ ಮೊದಲ ಜಿನೀವಾ ಒಪ್ಪಂದ ಹುಟ್ಟಿದ್ದೇ ರಣರಂಗದಲ್ಲಿ ನೀರು ಕೊಡುವವರಿಲ್ಲದೆ ನರಳಿದ ಸೈನಿಕರಿಗಾಗಿ. 1949ರ ನಾಲ್ಕು ಒಪ್ಪಂದಗಳಲ್ಲಿ ಎರಡನೆಯದು ಪೂರ್ತಿ ಸಮುದ್ರಕ್ಕೆ ಸೇರಿದ್ದು: ಹಡಗು ಮುಳುಗಿ ನೀರಿಗೆ ಬಿದ್ದ ಶತ್ರುವನ್ನೂ ಎತ್ತಿ ಬದುಕಿಸಬೇಕು ಎನ್ನುತ್ತದೆ. ಮೂರನೆಯದು ಯುದ್ಧಕೈದಿಗಳಿಗೆ, ನಾಲ್ಕನೆಯದು ನಾಗರಿಕರಿಗೆ. ಭಾರತ ನಾಲ್ಕನ್ನೂ ಒಪ್ಪಿ 1960ರಲ್ಲಿ ಕಾಯ್ದೆಯನ್ನೇ ಮಾಡಿದೆ. ಸಭೆಯಲ್ಲಿ ಆ ಎರಡನೆಯ ಒಪ್ಪಂದದ ಒಂದು ಪುಟ ಓದಿ, ನಿವೃತ್ತ ನೌಕಾ ಸಿಬ್ಬಂದಿಯೊಬ್ಬರಿಂದಲೇ ಓದಿಸಿದರೆ ಇನ್ನೂ ಸರಿ. ದೂರ ನಿಂತವರು ಒಂದು ಹೆಜ್ಜೆ ಹತ್ತಿರ ಬಂದಾರು.

ಮೂರನೆಯ ಒಪ್ಪಂದದ 13ನೇ ವಿಧಿ ನಮ್ಮ ಮೊಬೈಲಿಗೂ ತಾಗುತ್ತದೆ. ಯುದ್ಧಕೈದಿಗಳನ್ನು ಜನರ ಕುತೂಹಲಕ್ಕೆ, ಅವಮಾನಕ್ಕೆ ಗುರಿಮಾಡಬಾರದು ಎಂಬುದು ಅದರ ಸಾರ. ಸೆರೆಸಿಕ್ಕ ಸೈನಿಕನನ್ನು ಮಂಡಿಯೂರಿಸಿದ ವಿಡಿಯೋ ವಾಟ್ಸಾಪ್‌ನಲ್ಲಿ ಬಂದರೆ, ಅವನು ಯಾವ ಕಡೆಯವನೇ ಆಗಲಿ, ಮುಂದೆ ಕಳಿಸಬೇಡಿ. ಫಲಕಕ್ಕೆ ಫೋಟೋ ಹಾಕುವ ಮುಂಚೆ ಅದನ್ನು ಗೂಗಲ್ ಚಿತ್ರ ಹುಡುಕಾಟಕ್ಕೆ ಹಾಕಿ, ಮೊದಲು ಎಲ್ಲಿ, ಯಾವಾಗ ಬಂದದ್ದೆಂದು ನೋಡಿ. ಸಿರಿಯಾದ ಹತ್ತು ವರ್ಷ ಹಳೆಯ ಚಿತ್ರ ಇವತ್ತಿನ ಯುದ್ಧದ್ದೆಂದು ಸಿಕ್ಕಿಬಿದ್ದರೆ ಉಳಿದ ಒಂಬತ್ತು ನಿಜವಾದ ಚಿತ್ರಗಳ ಮರ್ಯಾದೆಯೂ ಹೋಗುತ್ತದೆ. ಮಕ್ಕಳ ಶವದ ಚಿತ್ರ ಬೇಡ, ಹೆಸರು ಮತ್ತು ವಯಸ್ಸು ಸಾಕು. ಹಾಗೆಯೇ 2023ರ ಏಪ್ರಿಲ್ 15ರಿಂದ ಸುಡಾನ್ ಉರಿಯುತ್ತಿದೆ. ಆ ಹೆಸರನ್ನು ನಮ್ಮೂರಿನ ಎಷ್ಟು ಫಲಕಗಳಲ್ಲಿ ಕಂಡಿದ್ದೀರಿ? ಒಂದೇ ಕಡೆಯ ಸಾವನ್ನು ಎಣಿಸುವ ಸಭೆಯನ್ನು ನೋಡುವವರು ಬೇಗ ಗುರುತು ಹಿಡಿಯುತ್ತಾರೆ.

ಹಣ ಕೂಡಿಸುವಲ್ಲಿ ಎಡವುವುದೇ ಹೆಚ್ಚು. ಡಬ್ಬಿ ಹಿಡಿದು ಸಂತೆಯಲ್ಲಿ ಕೂಡಿಸಿದ ಹಣವನ್ನು ಸಂಘದ ಹೆಸರಿನಲ್ಲಿ ಹೊರದೇಶಕ್ಕೆ ಕಳಿಸುತ್ತೇವೆಂದರೆ ಬ್ಯಾಂಕಿನಲ್ಲಿ ಆಗುವುದಿಲ್ಲ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಅವಕಾಶವಿದ್ದರೂ ಅದು ವ್ಯಕ್ತಿಗಳಿಗೆ ಮಾತ್ರ, ಸಂಘ, ಟ್ರಸ್ಟುಗಳಿಗಿಲ್ಲ. ಒಬ್ಬರ ಖಾತೆಗೆ ಹಾಕಿಸಿ ಕಳಿಸೋಣವೆಂದರೆ, ಹಣ ತನ್ನದೇ ಎಂದು ಆತ ಹೊರದೇಶಕ್ಕೆ ಹಣ ಕಳಿಸುವ ಎ2 ನಮೂನೆಯಲ್ಲಿ ಘೋಷಣೆಗೆ ಸಹಿ ಮಾಡಬೇಕು. ಅದು ಸುಳ್ಳು ಘೋಷಣೆಯಾಗುತ್ತದೆ. ಇದನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತೊಡಕು ಎಂದುಕೊಳ್ಳುವವರಿದ್ದಾರೆ. ಆ ಕಾಯ್ದೆ ಹೊರಗಿನಿಂದ ಒಳಬರುವ ಹಣಕ್ಕೆ, ಇಲ್ಲಿಂದ ಹೋಗುವ ಹಣ ನೋಡಿಕೊಳ್ಳುವುದು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ. ನೇರ ದಾರಿಯೆಂದರೆ ಡಬ್ಬಿಯೇ ಬೇಡ. ಮಕ್ಕಳಿಗಾಗಿರುವ ಯುನಿಸೆಫ್, ನಿರಾಶ್ರಿತರಿಗಾಗಿರುವ ಯುಎನ್‌ಎಚ್‌ಸಿಆರ್‌ನಂಥ ಸಂಸ್ಥೆಗಳು ಭಾರತದಲ್ಲೇ ರೂಪಾಯಿಯಲ್ಲಿ ದೇಣಿಗೆ ಪಡೆಯುತ್ತವೆ. ಪ್ರತಿಯೊಬ್ಬರೂ ತಮ್ಮ ಖಾತೆಯಿಂದ ಕಳಿಸಿ ತಮ್ಮ ಹೆಸರಿನ ರಸೀದಿ ಪಡೆಯಲಿ. ‘ನಾನು ಯುದ್ಧಭೂಮಿಯ ತಾಯಿ’ ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ಬರುವ ಅಪರಿಚಿತ ಕೊಂಡಿಗೆ ಹಣ ಹಾಕಬೇಡಿ. ಕೆಲವು ನಿಜವಿರಬಹುದು, ಆದರೆ ಹಣ ಯಾರ ಕೈ ಸೇರಿತೆಂದು ನಾಳೆ ಪೊಲೀಸರು ಕೇಳಿದರೆ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಬಟ್ಟೆ, ಔಷಧಿ ಕೂಡಿಸಬೇಡಿ. ನೆರೆ ಬಂದಾಗ ನಮ್ಮದೇ ಕಾಳಜಿ ಕೇಂದ್ರಗಳಲ್ಲಿ ಹಳೆ ಬಟ್ಟೆಯ ಗಂಟುಗಳನ್ನು ಬಿಚ್ಚುವವರಿಲ್ಲದೆ ಮೂಲೆಗೆ ಬೀಳುವುದನ್ನು ಎಲ್ಲರೂ ಕಂಡಿದ್ದೇವೆ.

ಸಂತ್ರಸ್ತರನ್ನು ಹುಡುಕಿಕೊಂಡು ಸಾವಿರಾರು ಮೈಲಿ ಹೋಗುವ ಮುಂಚೆ ಮುಂಡಗೋಡಿಗೆ ಹೋಗಿ ಬನ್ನಿ. 1966ರಲ್ಲಿ ಶುರುವಾದ ಅಲ್ಲಿಯ ಟಿಬೆಟನ್ ಶಿಬಿರದಲ್ಲಿ ನಮ್ಮ ಜಿಲ್ಲೆಯ ಮಣ್ಣಿನಲ್ಲೇ ಹುಟ್ಟಿ ಮುದುಕರಾಗುತ್ತಿರುವ ನಿರಾಶ್ರಿತರಿದ್ದಾರೆ. ಡ್ರೆಪುಂಗ್, ಗಾಂಡೆನ್ ಮಠಗಳನ್ನು ನೋಡಿ ಸೆಲ್ಫಿ ತೆಗೆದುಕೊಂಡು ಬರುವ ನಮಗೆ, ನೋಂದಣಿ ಪತ್ರದ ನವೀಕರಣಕ್ಕೆ ಅವರು ಓಡಾಡುವುದು ಕಾಣುವುದಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನು ದೇಶದಲ್ಲಿಲ್ಲ. 2014ರ ಟಿಬೆಟನ್ ಪುನರ್ವಸತಿ ನೀತಿ ರಾಜ್ಯ ಸರ್ಕಾರಗಳಿಗೆ ಜಮೀನಿನ ಗುತ್ತಿಗೆ, ಕಲ್ಯಾಣ ಯೋಜನೆಗಳ ವಿಷಯದಲ್ಲಿ ಮಾರ್ಗ ತೋರಿಸುತ್ತದೆ. ಜಿಲ್ಲಾಧಿಕಾರಿಗೆ ಕೊಡಬಹುದಾದ ನಿಜವಾದ ಮನವಿ ಇದು: ಆ ನೀತಿಯ ಯಾವ ಅಂಶ ಮುಂಡಗೋಡದಲ್ಲಿ ಜಾರಿಯಾಗಿದೆ, ಯಾವುದು ಬಾಕಿ? ಇದಕ್ಕೆ ಅವರು ‘ನನ್ನ ವ್ಯಾಪ್ತಿಯಲ್ಲ’ ಎನ್ನುವಂತಿಲ್ಲ. ಪ್ರತಿ ವರ್ಷದ ಮಾರ್ಚ್ 10 ಎಂದರೆ 1959ರ ಲಾಸಾ ದಂಗೆಯ ನೆನಪಿನ ದಿನ. ಆ ದಿನ ಶಿರಸಿ, ಯಲ್ಲಾಪುರದಿಂದ ಹತ್ತು ಜನ ಹೋಗಿ ಜೊತೆಗೆ ಕೂತರೂ ಆದೀತು.

ಕೊನೆಯದಾಗಿ ಹಡಗಿನವರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಹಡಗಿನಲ್ಲೋ ಕೊಲ್ಲಿಯ ದೋಣಿಯಲ್ಲೋ ದುಡಿಯುತ್ತಾರೆ, ಯುದ್ಧ ನಮ್ಮ ಅಂಗಳಕ್ಕೆ ಬರುವ ದಾರಿ ಅದೇ. 2023ರ ನವೆಂಬರ್ 19ರಂದು ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿ ಬಂಡುಕೋರರು ಸೆರೆಹಿಡಿದ ಗ್ಯಾಲಕ್ಸಿ ಲೀಡರ್ ಹಡಗಿನ 25 ಮಂದಿ ಬಿಡುಗಡೆಯಾದದ್ದು 2025ರ ಜನವರಿಯಲ್ಲಿ. 2024ರ ಏಪ್ರಿಲ್ 13ರಂದು ಇರಾನ್ ವಶಪಡಿಸಿಕೊಂಡ ಎಂಎಸ್‌ಸಿ ಏರೀಸ್‌ನಲ್ಲಿ 17 ಭಾರತೀಯರಿದ್ದರು. ಅದಕ್ಕೂ ಮುಂಚೆ ಮಾರ್ಚ್ 6ರಂದು ಟ್ರೂ ಕಾನ್ಫಿಡೆನ್ಸ್ ಮೇಲೆ ಕ್ಷಿಪಣಿ ಬಿದ್ದು ಮೂವರು ನಾವಿಕರು ಸತ್ತರು. ಅವರು ಯಾವ ಸೇನೆಯವರೂ ಆಗಿರಲಿಲ್ಲ.

ನಾವಿಕರ ಸಂಘಗಳು ಮತ್ತು ಹಡಗು ಕಂಪನಿಗಳ ನಡುವಿನ ಅಂತರರಾಷ್ಟ್ರೀಯ ಒಡಂಬಡಿಕೆಯಡಿ (ಐಬಿಎಫ್) ನಡೆಯುವ ಹಡಗುಗಳಲ್ಲಿ, ಯುದ್ಧವಲಯವೆಂದು ಘೋಷಿಸಿದ ಜಾಗಕ್ಕೆ ಬರುವುದಿಲ್ಲ ಎನ್ನುವ ಹಕ್ಕು ನಾವಿಕನಿಗಿದೆ. ಕಂಪನಿ ತನ್ನ ಖರ್ಚಿನಲ್ಲೇ ಅವನನ್ನು ಊರಿಗೆ ಕಳಿಸಬೇಕು, ಎರಡು ತಿಂಗಳ ಮೂಲವೇತನ ಪರಿಹಾರ ಕೊಡಬೇಕು. ಹೋದವನಿಗೆ ಆ ದಿನಗಳಿಗೆ ಮೂಲವೇತನದಷ್ಟೇ ಹೆಚ್ಚುವರಿ ಹಣ, ಸಾವು ಅಥವಾ ಅಂಗವೈಕಲ್ಯಕ್ಕೆ ಇಮ್ಮಡಿ ಪರಿಹಾರ. ಆದರೆ ಹಡಗು ಆ ಒಡಂಬಡಿಕೆಯಡಿ ಇದೆಯೇ ಎಂಬುದನ್ನು ಸಹಿ ಹಾಕುವ ಮುಂಚೆಯೇ ಕೇಳಬೇಕು, ಸೂಯೆಜ್ ಹತ್ತಿರ ಬಂದ ಮೇಲಲ್ಲ. ಏಜೆಂಟರಿಗೆ ನೌಕಾಯಾನ ಮಹಾನಿರ್ದೇಶನಾಲಯ ಕೊಡುವ, ನಾವಿಕರ ನೇಮಕಾತಿಯ ಆರ್‌ಪಿಎಸ್‌ಎಲ್ ಪರವಾನಗಿ ಇದೆಯೇ ಎಂದು ಅದರ ಜಾಲತಾಣದಲ್ಲಿ ಸಂಖ್ಯೆ ಹಾಕಿ ನೋಡಬೇಕು. ಪರವಾನಗಿಯಿಲ್ಲದವನ ಮೂಲಕ ಹೋದವನು ಸೆರೆಯಾದರೆ, ಅವನು ಯಾವ ಹಡಗಿನಲ್ಲಿದ್ದ ಎಂಬುದನ್ನು ಸಾಬೀತು ಮಾಡುವುದರಲ್ಲೇ ಮನೆಯವರಿಗೆ ವಾರಗಳು ಹೋಗುತ್ತವೆ.

ಶಾಂತಿ ಸಭೆ ನಡೆಸುವವರು ಅಂಕೋಲಾ, ಹೊನ್ನಾವರ, ಭಟ್ಕಳದ ಬಂದರು ವಾಡೆಗಳಲ್ಲಿ ಒಂದು ಸಂಜೆ ಇಟ್ಟುಕೊಂಡು ಈ ಕಾಗದಗಳನ್ನು ಮನೆಮನೆಯಲ್ಲಿ ತೆಗೆಸಿಡಲಿ: ಪಾಸ್‌ಪೋರ್ಟ್, ಸಿಡಿಸಿ ಎಂಬ ನಾವಿಕನ ಸೇವಾ ಪುಸ್ತಕದ ಮೊದಲ ಪುಟ, ನಾವಿಕರ ರಾಷ್ಟ್ರೀಯ ದಾಖಲೆಯ ಇಂಡೋಸ್ ಸಂಖ್ಯೆ, ಕೆಲಸದ ಕರಾರಿನ ಎಲ್ಲ ಪುಟ, ಏಜೆಂಟರ ರಸೀದಿ, ಹಡಗಿನ ಹೆಸರು ಮತ್ತು ಅದರ ಏಳಂಕಿಯ ಐಎಂಒ ಸಂಖ್ಯೆ. ಹಡಗಿನ ಹೆಸರು ಬದಲಾದರೂ ಐಎಂಒ ಸಂಖ್ಯೆ ಬದಲಾಗುವುದಿಲ್ಲ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸುವಾಗ ಕೈಯಲ್ಲಿರಬೇಕಾದದ್ದೂ ಇವೇ. ಒಂದು ಪ್ರತಿ ಊರಿನ ಮನೆಯಲ್ಲಿರಲಿ, ಮಗನ ಮೊಬೈಲಿನಲ್ಲಿ ಮಾತ್ರ ಇದ್ದರೆ ಅವನನ್ನು ಹಿಡಿದವರು ಮೊದಲು ಕಸಿಯುವುದು ಆ ಮೊಬೈಲನ್ನೇ.

— ಕೆಲವು ಓದುಗರು, ಕಾರವಾರ